ಹಳೆಯ ಗಣಕಯಂತ್ರ ಮತ್ತು ತಿರುವಿ ನೋಡದ ಸೆರಗು

ಆದ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ಉಣಕಲ್‌ನಲ್ಲಿರುವ ನಮ್ಮ ಮಹಿಳಾ ಕಸೂತಿ ಸಂಘದ ಕೋಣೆಯಲ್ಲಿ, ಸದಸ್ಯೆಯರೆಲ್ಲ ಸೇರಿದ್ದ ಸಭೆಯಲ್ಲಿ, ಕೆಟ್ಟುಹೋದ ಒಂದು ಮದುವೆ ಸೀರೆಯನ್ನು ಮೇಜಿನ ಮೇಲೆ ಹರಡಿ, ನಮ್ಮ ಕಾರ್ಯದರ್ಶಿಯವರು ಹೀಗೆಂದರು: "ಹಳೇ ಮಶೀನು, ಹಳೇ ಕಣ್ಣು. ಎರಡೂ ಬದ್ಲಿ ಮಾಡೂದ ಛಲೋ."

ಮಶೀನು ಎಂದರೆ ಸಂಘದ ಗಣಕಯಂತ್ರ. ಅದರಲ್ಲಿ ಕಸೂತಿಯ ನಕ್ಷೆ ಬರೆಯುವವಳು ನಾನು. ಕಣ್ಣು ಎಂದರೆ ಆ ಸೀರೆಗೆ ಸೂಜಿ ಹಿಡಿದಿದ್ದ ನಮ್ಮ ಹಿರಿಯ ಕಸೂತಿಗಾರ್ತಿಯ ಕಣ್ಣು. ನಾವಿಬ್ಬರೂ ಅಲ್ಲಿಯೇ ಕುಳಿತಿದ್ದೆವು. ಕೆಲವರು ನಕ್ಕರು. ಯಾರು ಬಾಯಿ ತೆರೆದು ನಕ್ಕರು, ಯಾರು ಸೆರಗಿನ ಮರೆಯಲ್ಲಿ ನಕ್ಕರು ಎಂಬುದೆಲ್ಲ ನನಗೆ ನೆನಪಿದೆ.

ಹಿರಿಯ ಕಸೂತಿಗಾರ್ತಿ ಕನ್ನಡಕ ತೆಗೆದು ಮಡಿಚಿದಳು. ತನ್ನ ಸೂಜಿಡಬ್ಬಿಯನ್ನು ಮೇಜಿನ ಮೇಲಿಟ್ಟು, "ಖರೇನ ಐತ್ರಿ. ಇನ್ನ ನನಗ ಸಾಕು" ಎಂದು ಹೇಳಿ, ಬಿಚ್ಚುವುದಕ್ಕೆಂದು ಆ ಸೀರೆಯನ್ನು ಮಡಿಚಿಕೊಂಡು ಹೊರಟುಹೋದಳು. ತಲೆ ನರೆಯುವ ಮೊದಲಿನಿಂದ ಎಳೆ ಎಣಿಸುತ್ತ ಬಂದ ಹೆಂಗಸು ಹಾಗೆ ಎದ್ದು ಹೋಗುವಾಗ ಒಬ್ಬರೂ "ಕೂಡ್ರಿ" ಎನ್ನಲಿಲ್ಲ.

ಸೀರೆ ಕೆಟ್ಟಿದ್ದು ನಿಜ. ಹುಬ್ಬಳ್ಳಿಯ ಒಂದು ಮನೆಯವರು ಮಗಳ ಮದುವೆಗೆಂದು ಇಳಕಲ್ ಸೀರೆ ಕೊಟ್ಟು ಸೆರಗಿಗೆ ಕಸೂತಿ ಕೇಳಿದ್ದರು. ಕೆಳಗೆ ಗೋಪುರಗಳ ಸಾಲು, ಮೇಲೆ ತೊಟ್ಟಿಲುಗಳ ಸಾಲು. ಈಗ ಪ್ರತಿ ಗೋಪುರದ ಕಳಸವೂ ಮೇಲಿನ ತೊಟ್ಟಿಲ ತಳವನ್ನು ಇರಿದು ಒಳಗೆ ಹೋಗಿತ್ತು. ಎಂಥ ತಾಯಿಯೂ ಮಗಳಿಗೆ ಉಡಿಸಲಾರದಂಥ ಸೆರಗು ಅದು.

ಸಭೆಯಲ್ಲಿ ಆಗಲೇ ಎಲ್ಲ ತೀರ್ಮಾನವಾಗಿತ್ತು. ಸೋಮವಾರ ಹುಬ್ಬಳ್ಳಿಯ ಒಂದು ಅಂಗಡಿಯವರು ಹೊಸ ಗಣಕಯಂತ್ರ ತಂದು ಕೂಡಿಸುತ್ತಾರೆ, ಹಳೆಯದನ್ನು ಬದಲಿಗೆ ಒಯ್ಯುತ್ತಾರೆ. ಇನ್ನು ಮುಂದೆ ನಕ್ಷೆಗಳನ್ನೂ ಅವರ ಕಡೆಯವರೇ ಮಾಡಿಕೊಡುತ್ತಾರೆ.

"ಆ ಯಂತ್ರಾನ ಯಾರರ ಬಿಚ್ಚಿ ನೋಡೀರೇನ್ರಿ?" ಎಂದು ಕೇಳಿದೆ.

"ಏನ ಬಿಚ್ಚೂದ್ರಿ ಅಕ್ಕಾರ?" ಎಂದರು ಕಾರ್ಯದರ್ಶಿ. "ಚಾಲೂ ಮಾಡಿ ಚಾ ಕುಡದ ಬಂದ್ರೂ ತೆರೆಯಂಗಿಲ್ಲ ಅದು. ತೆರೆದರ ನಡಬರಕ ತಾನ ಬಂದ್ ಬೀಳತೈತಿ. ಅದಕ್ಕ ವಯಸ್ಸಾಗೇತ್ರಿ."

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳಾದ್ದರಿಂದ ನಾನು ಎಲ್ಲರಿಗೂ ಅಕ್ಕಾರು. ಆ ಕರೆಯಲ್ಲಿ ಗೌರವ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ಗುರುತಿಸಲು ನನಗೆ ಬರುತ್ತದೆ. ಕಾರ್ಯದರ್ಶಿಯವರು ಯಂತ್ರದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಅದು ನಿಧಾನವಾಗಿತ್ತು, ನಿಲ್ಲುತ್ತಿತ್ತು. ಆದರೆ ವಯಸ್ಸಾಗಿದೆ ಎನ್ನುವುದು ರೋಗದ ಹೆಸರಲ್ಲ. ಕೆಟ್ಟದ್ದು ಯಾವುದು ಎಂದು ತಿಳಿಯುವ ಮೊದಲು ಬದಲಿಸುವುದು ಯಾವುದನ್ನು?

"ಸೋಮವಾರದ ತನಕ ಅದು ನನ್ನ ತಾಬಾದಾಗ ಇರ್ಲಿ" ಎಂದೆ. ಜಗಳವೆಂದರೆ ಹೆದರುವ ನಮ್ಮ ಅಧ್ಯಕ್ಷರು, "ಇರ್ಲಿ ಬಿಡ್ರಿ, ಅಕ್ಕಾರ ಸಮಾಧಾನಕ್ಕ" ಎಂದರು. ನನ್ನ ಸಮಾಧಾನಕ್ಕೆ! ಇದನ್ನೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಯಂತ್ರದ ಹತ್ತಿರವಲ್ಲ, ಕಸೂತಿಗಾರ್ತಿಯ ಮನೆಗೆ. ಸೊಸೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇವಳು ಕೈಕಟ್ಟಿ ಕುಳಿತಿದ್ದಳು.

"ಯಾಕ ತಂಗಿ, ಅಕ್ಕಿ ಸೊಸಿ ಆರ್ಸಾಕತ್ತಾಳ?"

"ನನ್ನ ಕಣ್ಣ ನಂಬಿ ಹರಳ ತಿನ್ನೂದ ಬ್ಯಾಡ ಅಂತ ನಾನ ಹೇಳೇನ್ರಿ ಅಕ್ಕಾರ. ಬರ್ರಿ, ಕೂಡ್ರಿ. ಹಳೇ ಮಶೀನು ಹೆಂಗೈತಿ?"

"ಹಳೇ ಕಣ್ಣಿನ ಹಂಗ ಐತಿ. ಸೀರಿ ಎಲ್ಲಿ?"

ಇನ್ನೂ ಒಂದು ಎಳೆಯನ್ನೂ ಬಿಚ್ಚಿರಲಿಲ್ಲ. ನಾನು ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಕಸೂತಿ ಬಲ್ಲ ಯಾರೇ ಆದರೂ ಮೊದಲು ಮಾಡಬೇಕಾದುದನ್ನು ಮಾಡಿದೆ. ಸೆರಗನ್ನು ಮಗುಚಿ ಹಾಕಿ ಹಿಂಬದಿ ನೋಡಿದೆ.

ಕಸೂತಿ ಅರಿಯದ ಓದುಗರಿಗಾಗಿ ಇಲ್ಲಿ ಒಂದು ಮಾತು. ಗೋಪುರವನ್ನು ನಾವು ಗವಂತಿ ಎಂಬ ಹೊಲಿಗೆಯಲ್ಲಿ ಮಾಡುತ್ತೇವೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಒಂದು ಬಿಟ್ಟು ಒಂದು ತುಂಬುತ್ತ ಹೋಗುತ್ತೇವೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತೇವೆ. ಗಂಟು ಹಾಕುವುದಿಲ್ಲ. ಸರಿಯಾಗಿ ಮಾಡಿದರೆ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲು ಬರುವುದಿಲ್ಲ. ಹೋಗುವಾಗ ಒಂದು ಎಳೆ ತಪ್ಪಿದರೂ ಬರುವಾಗ ಸೂಜಿಗೆ ದಾರಿ ಸಿಗುವುದಿಲ್ಲ. ಎಲ್ಲೋ ಒಂದು ಕಡೆ ದಾರ ಹಾರಬೇಕಾಗುತ್ತದೆ, ಆ ಹಾರಿಕೆ ಹಿಂಬದಿಯಲ್ಲಿ ಕಂಡೇ ಕಾಣುತ್ತದೆ. ಕಣ್ಣು ಸೋತವರ ಕೆಲಸ ಮುಂದೆ ಎಷ್ಟೇ ಚೆಂದ ಕಂಡರೂ ಹಿಂದೆ ಸಿಕ್ಕಿಬೀಳುತ್ತದೆ.

ಆ ಸೆರಗಿನ ಹಿಂಬದಿ ಮುಂಬದಿಯಷ್ಟೇ ನಿರ್ಮಲವಾಗಿತ್ತು. ಒಂದು ಗೋಪುರದಲ್ಲಿಯೂ ದಾರ ಹಾರಿರಲಿಲ್ಲ.

"ತಂಗಿ, ನಿನ್ನ ಕೈ ತಪ್ಪಿಲ್ಲ, ಕಣ್ಣೂ ತಪ್ಪಿಲ್ಲ. ಕಾಗದದಾಗ ಇದ್ದದ್ದನ್ನ ಇದ್ದಂಗ ಮಾಡೀದಿ. ತಪ್ಪಿದ್ದು ಕಾಗದ."

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಅಂದಳು: "ಕಾಗದ ಬರಿಯವರು ನೀವ ಅಲ್ರಿ?"

ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿತು. ಆ ಗೋಪುರ ಅವಳಿಗೆ ಹೊಸದು. ಹರಿದ ಹಳೆಯ ಸೀರೆಯೊಂದರಿಂದ ನಾನೇ ಎಣಿಸಿ ಎತ್ತಿಕೊಂಡದ್ದು. ಬಾಯಿಪಾಠವಿರುವ ಗೋಪುರವಾಗಿದ್ದರೆ ಅವಳು ಕಾಗದವನ್ನು ನೋಡುತ್ತಲೇ ಇರಲಿಲ್ಲ. ಗೋಪುರ ಒಂದು ಕಾಗದದಲ್ಲಿ, ತೊಟ್ಟಿಲು ಇನ್ನೊಂದರಲ್ಲಿ ಇದ್ದುದರಿಂದ ಎರಡೂ ಒಂದಕ್ಕೊಂದು ತಾಗುತ್ತವೆಂದು ಕೊನೆಯವರೆಗೂ ತಿಳಿಯುವಂತಿರಲಿಲ್ಲ.

ಕಾಗದ ಕೇಳಿ ತೆಗೆಸಿದೆ. ನೋಡಿದ ಕೂಡಲೇ ಅದು ನನ್ನದಲ್ಲವೆಂದು ಗೊತ್ತಾಯಿತು. ಅದರಲ್ಲಿ ಎಳೆ ಎಣಿಸಲು ಹಾಕುವ ಜಾಲದ ಮನೆಗಳು ಚೌಕವಾಗಿದ್ದವು.

ನಾನು ನಕ್ಷೆಯ ಮನೆಗಳನ್ನು ಎಂದೂ ಚೌಕವಾಗಿ ಇಡುವುದಿಲ್ಲ. ನಾವು ಬಳಸುವ ಇಳಕಲ್ ಸೀರೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ಎಳೆ ಒತ್ತಾಗಿರುತ್ತದೆ, ಅಡ್ಡ ಹಾಯುವ ಹೊಕ್ಕಿನ ಎಳೆ ತುಸು ಸಡಿಲ. ಆದ್ದರಿಂದ ಅಡ್ಡಕ್ಕೂ ಉದ್ದಕ್ಕೂ ಅಷ್ಟಷ್ಟೇ ಎಳೆ ಎಣಿಸಿದರೆ ಬಟ್ಟೆಯ ಮೇಲೆ ಉದ್ದ ಹೆಚ್ಚು ಬರುತ್ತದೆ. ನಕ್ಷೆಯಲ್ಲಿಯೂ ಮನೆಯ ಎತ್ತರವನ್ನು ಅಗಲಕ್ಕಿಂತ ಅಷ್ಟೇ ಹೆಚ್ಚು ಇಟ್ಟರೆ, ಪರದೆಯ ಮೇಲೆ ಕಂಡ ಗೋಪುರವೇ ಬಟ್ಟೆಯ ಮೇಲೂ ಏಳುತ್ತದೆ. ಮನೆಗಳನ್ನು ಯಾರೋ ಚೌಕ ಮಾಡಿದ್ದರು. ಚೌಕ ಮಾಡಿದೊಡನೆ ಗೋಪುರ ಕುಳ್ಳಗೆ ಕಂಡಿರಬೇಕು. ಕುಳ್ಳಗೆ ಕಂಡದ್ದಕ್ಕೆ ಮತ್ತೇನೋ ಮಾಡಿದ್ದರು.

"ಈ ಕಾಗದ ನಿನಗ ಕೊಟ್ಟವರ‍್ಯಾರು?"

"ಕಾರ್ಯದರ್ಶಿ ಬಾಯಾರು. ನೀವು ನಿಮ್ಮ ತಂಗಿ ಮನಿಗೆ ಉಪ್ಪಿನಬೆಟಗೇರಿಗೆ ಹೋಗಿದ್ರಲ್ಲ, ಆವಾಗ."

"ಹಂಗಾರ ಇದನ್ನ ತಿದ್ಯಾರ. ನಿನ್ನ ಕಣ್ಣು ಸುದ್ದ ಐತಿ."

ಅವಳು ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ ನೀವು. ಈಗ ಹೊಸಾ ನಕ್ಷಾ ಬರದ ತಂದು ಇದ ಖರೇ ಅಂದ್ರ, ಸಂಘದಾಗ ಏನಂತಾರ? ಗೆಳತಿನ್ನ ಉಳ್ಸಾಕ ಅಕ್ಕಾರು ಬರಕೊಂಡ ಬಂದ್ರು ಅಂತಾರ. ಬ್ಯಾಡ ಬಿಡ್ರಿ."

ಅವಳ ಮಾತು ನ್ಯಾಯವಾಗಿತ್ತು. ಮೂಲ ಗೋಪುರವನ್ನು ಆ ಹಳೆಯ ಯಂತ್ರವೇ ಎಲ್ಲರ ಎದುರು ತೋರಿಸಬೇಕಿತ್ತು. ಸೋಮವಾರ ಯಂತ್ರ ಹೋದರೆ ಅದರೊಂದಿಗೆ ಈ ಹೆಂಗಸಿನ ಸೂಜಿಯೂ ಹೋಗುತ್ತದೆ. ನನಗೆ ಬೇರೆ ಯಾವ ಲೆಕ್ಕವೂ ಉಳಿಯಲಿಲ್ಲ.

ಸಂಘದ ಕೋಣೆಗೆ ಬಂದು ಯಂತ್ರವನ್ನು ಚಾಲೂ ಮಾಡಿದೆ. ಬಹಳ ಹೊತ್ತಿನ ಮೇಲೆ ಪರದೆ ಬಂತು. ಗೋಪುರದ ಹೆಸರಿನ ಕಡತ ತೆರೆದೆ. ಅದರಲ್ಲಿಯೂ ಚೌಕ ಮನೆಗಳೇ. ನನ್ನ ಮೂಲವನ್ನು ಅಳಿಸಿ ಅದರ ಮೇಲೆಯೇ ಇದನ್ನು ಬರೆದಿದ್ದರು. ಆದರೆ ನನಗೊಂದು ಅಭ್ಯಾಸವಿದೆ. ಹೊಸ ನಕ್ಷೆ ಮುಗಿದ ದಿನ ಅದರ ಒಂದು ಪ್ರತಿಯನ್ನು ಬೇರೊಂದು ಫೋಲ್ಡರಿನಲ್ಲಿ ಇಟ್ಟು, ಅದನ್ನು ಮತ್ತೆ ಮುಟ್ಟುವುದಿಲ್ಲ. ಶಾಲೆಯಲ್ಲಿ ಹುಡುಗಿಯರ ಮೊದಲ ಮಾದರಿ ಬಟ್ಟೆಯನ್ನು ಬಿಚ್ಚಲು ಬಿಡದೆ ಎತ್ತಿಡುತ್ತಿದ್ದವಳು ನಾನು, ಅದೇ ಅಭ್ಯಾಸ.

ಆ ಫೋಲ್ಡರನ್ನು ಒತ್ತಿದೆ. ಒಳಗಿನಿಂದ ಟಿಕ್, ಟಿಕ್ ಎಂದು ಸದ್ದು ಬಂತು. ಪರದೆ ಕಲ್ಲಿನಂತೆ ನಿಂತಿತು. ಆಮೇಲೆ ಯಂತ್ರವೇ ಆರಿಹೋಯಿತು.

ಇನ್ನೊಮ್ಮೆ ಚಾಲೂ ಮಾಡಿ ನೋಡುವ ಆಸೆಯನ್ನು ಅಲ್ಲಿಯೇ ತಡೆದೆ. ಸಿಕ್ಕಾದ ದಾರವನ್ನು ಜಗ್ಗಿದರೆ ಸಿಕ್ಕು ಬಿಗಿಯುತ್ತದೆಯೇ ಹೊರತು ಬಿಡುವುದಿಲ್ಲ. ತಂತಿಗಳನ್ನು ಬಿಚ್ಚಿ, ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಇಟ್ಟೆ.

ಅಂದು ಮಧ್ಯಾಹ್ನ ಹುಬ್ಬಳ್ಳಿಯ ಆ ಅಂಗಡಿಗೆ ಹೋಗಿ, ಉಣಕಲ್ ಸಂಘದಿಂದ ಬಂದಿದ್ದೇನೆ ಎಂದೆ. ಹೊಸದನ್ನು ನೋಡದೆಯೇ ಹಳೆಯದರ ಪಕ್ಷ ವಹಿಸಿದಳು ಎಂಬ ಮಾತು ಬರಬಾರದು. ಜೊತೆಗೆ ನೆರೆಮನೆಯ ಹೆಣ್ಣುಮಗಳಿದ್ದಳು. ಅಂಗಡಿಯ ಮಾರಾಟಗಾರ ಆರಂಭದಿಂದ ಕೊನೆಯವರೆಗೂ ಅವಳನ್ನೇ ನೋಡಿ ಮಾತಾಡಿದ. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಅವಳಿಗೆ.

ಹೊಸ ಯಂತ್ರ ಒಳ್ಳೆಯದೇ ಇತ್ತು, ಸುಳ್ಳೇಕೆ ಹೇಳಲಿ. ಗುಂಡಿ ಒತ್ತುವುದರಲ್ಲಿ ತೆರೆಯಿತು. ಪರದೆ ಅಗಲವಾಗಿ, ಕಣ್ಣಿಗೆ ಹಿತವಾಗಿತ್ತು. "ಇದರಾಗ ನಕ್ಷಾ ಬರದ್ರ, ಬಟ್ಟಿ ಮ್ಯಾಲೆ ಬರೂ ಅಳತೀನ ಪರದೆ ಮ್ಯಾಲೂ ತೋರಸತೈತೇನ್ರಿ?" ಎಂದು ಕೇಳಿದೆ.

"ಎಲ್ಲಾ ತಾನ ಸರಿ ಮಾಡ್ಕೋತೈತ್ರಿ ಅಜ್ಜಿ" ಎಂದು, ಮತ್ತೆ ನೆರೆಯವಳ ಕಡೆ ತಿರುಗಿ, ಹೆಮ್ಮೆಯಿಂದ ಮುಂದುವರಿದ: "ಇವರ ಸಂಘದ ಡಿಸೈನ್ ನಾನ ಸರಿ ಮಾಡಿ ಕೊಟ್ಟೇನ್ರಿ. ಮಶೀನ್ ತೋರ್ಸಾಕ ಉಣಕಲ್‌ಗೆ ಹೋಗಿದ್ದೆ. ಅದೇನೋ ಗೋಪುರ. ಬಾಕ್ಸ್ ಎಲ್ಲಾ ಸೊಟ್ಟ ಇದ್ವು. ಒಂದ ಸಲಕ್ಕ ಸ್ಕ್ವೇರ್ ಮಾಡ್ದೆ. ಗೋಪುರ ಚಪ್ಪಟ್ಟಿ ಆತು. ಒಂದಿಷ್ಟು ಸಾಲು ಸೇರ್ಸಿ ಎತ್ತರಾ ಮಾಡ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು."

ನನ್ನ ದನಿ ಏರದಂತೆ ಕೇಳಿದೆ: "ಎಷ್ಟು ಸಾಲು ಸೇರ್ಸಿದ್ರಿ?"

"ಲೆಕ್ಕಾ ಯಾರ ಇಡತಾರ್ರಿ? ಚಂದ ಕಾಣೂ ತನಕ."

ಚಂದ ಕಾಣುವ ತನಕ! ಎಳೆಗಳನ್ನು ಎಣಿಸಿಯೇ ಮಾಡುವ ಕೆಲಸದಲ್ಲಿ, ಹೊಸ ಯಂತ್ರದ ಬೆಡಗು ತೋರಿಸಲು, ಎಣಿಸದೆ ಸಾಲು ಸೇರಿಸಿದ್ದರು. ಅದನ್ನು ನಮ್ಮವರು ನನ್ನ ಮೂಲದ ಮೇಲೆ ಬರೆದರು, ಅಚ್ಚು ತೆಗೆದು ಕಸೂತಿಗಾರ್ತಿಗೆ ಕೊಟ್ಟರು. ಸೀರೆ ಕೆಟ್ಟಾಗ ಹಳೆಯ ಯಂತ್ರವನ್ನು ದೂರಿ ಹೊಸದನ್ನೇ ತರಲು ಹೊರಟರು! ಅಂಗಡಿಯವನು ಬಟ್ಟೆ ಅರಿಯದವನು, ಅವನಿಗೆ ನಾನು ಅರ್ಧ ಮಾಫಿ ಕೊಡುತ್ತೇನೆ. ಚಪ್ಪಾಳೆ ತಟ್ಟಿದವರೆಲ್ಲ ಬಟ್ಟೆ ಬಲ್ಲವರು.

ಆದರೂ ಕೈಯಲ್ಲಿ ಪುರಾವೆ ಇರಲಿಲ್ಲ. ಸೋಮವಾರ ಆ ಮನುಷ್ಯ ಬಾಯಿ ಮುಚ್ಚಿಕೊಂಡರೆ ನನ್ನ ಮಾತು ಮುದುಕಿಯ ಗೊಣಗಾಟವಾಗುತ್ತಿತ್ತು.

ಶನಿವಾರ ಆಟೋದಲ್ಲಿ ಯಂತ್ರವನ್ನು ರಾಯಾಪುರಕ್ಕೆ ಒಯ್ದೆ. ಅಲ್ಲಿ ಮನೆಯ ಮುಂಗೋಣೆಯಲ್ಲಿಯೇ ರಿಪೇರಿ ಮಾಡುವವರೊಬ್ಬರಿದ್ದಾರೆ. ಕಾರ್ಖಾನೆಯ ಯಂತ್ರಗಳ ವಿದ್ಯುತ್ ಭಾಗ ನೋಡಿಕೊಂಡಿದ್ದವರು. ಬಾಯಿ ಹರಿತ, ಕೈ ಮೃದು. ಪಕ್ಕದ ತಗಡನ್ನು ಸರಿಸಿ ಒಳಗೆ ಟಾರ್ಚ್ ಹಿಡಿದವರು ನಗಲು ಶುರುಮಾಡಿದರು.

"ಏನ್ರಿ ಅಕ್ಕಾರ, ಒಳಗ ಒಂದು ಕೌದಿ ಹೊಲದ ಇಟ್ಟೀರಲ್ಲ!"

ನೋಡಿದರೆ ನಿಜವೇ. ಪ್ರೊಸೆಸರಿನ ಶಾಖ ಹೀರುವ ಲೋಹದ ಪಟ್ಟಿಗಳ ನಡುವೆ, ಫ್ಯಾನಿನ ಕೆಳಗೆ, ವರ್ಷಗಳ ದಾರದ ಚೂರು ಕೂಡಿ ಒಂದು ಪದರವಾಗಿತ್ತು. ಕೆಂಪು, ಹಸಿರು, ಹಳದಿ, ಎಲ್ಲ ನಮ್ಮ ಬಣ್ಣಗಳೇ. ಕಸೂತಿ ಮಾಡುವ ಕೋಣೆಯಲ್ಲಿ ಯಂತ್ರವನ್ನು ನೆಲದ ಮೇಲಿಟ್ಟಿದ್ದೆವು; ಅದು ಇಷ್ಟು ವರ್ಷ ನಮ್ಮ ಕತ್ತರಿಯಿಂದ ಬಿದ್ದದ್ದನ್ನೆಲ್ಲ ಉಸಿರಾಡುತ್ತಿತ್ತು. ಬಿಸಿ ಹೊರಹೋಗದೆ, ತನ್ನನ್ನು ತಾನು ಉಳಿಸಿಕೊಳ್ಳಲು ಅದು ಆರಿಹೋಗುತ್ತಿತ್ತು. ಇದಕ್ಕೆ ನಾವು ಇಟ್ಟ ಹೆಸರು ವಯಸ್ಸು.

ಅವರು ಬ್ರಷ್ಷಿನಿಂದ ಕೌದಿಯನ್ನು ಬಿಡಿಸಿ, ಗಾಳಿ ಊದಿ, ಒಣಗಿ ಸುಣ್ಣದಂತಾಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದರು. ಗಡಿಯಾರದ ಚಿಕ್ಕ ಬ್ಯಾಟರಿ ಬದಲಿಸಿದರು. ಮದರ್‌ಬೋರ್ಡಿನ ಮೇಲೆ ಉಬ್ಬಿದ್ದು, ಸುಟ್ಟದ್ದು ಏನಾದರೂ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದರು. ಇರಲಿಲ್ಲ. ಯಂತ್ರ ಮತ್ತೆ ಆರಲಿಲ್ಲ.

ಆದರೆ ಹಾರ್ಡ್ ಡಿಸ್ಕಿನ ಟಿಕ್ ಟಿಕ್ ಹಾಗೆಯೇ ಉಳಿಯಿತು. ಅದನ್ನು ಕೇಳಿ ಅವರ ನಗು ನಿಂತಿತು.

"ಇದು ಹೊಂಟೈತ್ರಿ ಅಕ್ಕಾರ. ರಿಪೇರಿ ಪ್ರೋಗ್ರಾಮ್ ಓಡ್ಸಿ ನೋಡ್ಲೇನು?"

"ಅದು ಡಿಸ್ಕಿನ ಮ್ಯಾಲೆ ಬರಿತೈತೋ, ಬರೇ ಓದತೈತೋ?"

"ಬರಿತೈತ್ರಿ."

"ಹಂಗಾರ ಬ್ಯಾಡ. ಮೊದಲ ನಕಲು ತಗೀರಿ, ಆಮ್ಯಾಲೆ ಉಳಿದದ್ದು."

ಅವರು "ಸಾಲಿ ಅಕ್ಕಾರು ಖರೇ ನೀವು" ಎಂದು, ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿದರು. ಅದರ ಮೇಲೆ ಏನೂ ಬರೆಯದಂತೆ ಬಂದೋಬಸ್ತು ಮಾಡಿ, ಇನ್ನೊಂದು ಡಿಸ್ಕಿಗೆ ನಕಲು ಹಚ್ಚಿದರು. ಅರ್ಧ ದಾರಿಯವರೆಗೂ ಸಲೀಸಾಗಿ ಸಾಗಿತು. ಆಮೇಲೆ ಒಂದು ಜಾಗದಲ್ಲಿ ಸಿಕ್ಕಿ, ಮುಂದೆ ಹೋಗದೆ, ಅಲ್ಲಿಯೇ ತಡವರಿಸತೊಡಗಿತು. ಅಷ್ಟರಲ್ಲಿ ಬಂದಿದ್ದ ಫೋಲ್ಡರುಗಳ ಹೆಸರು ನೋಡಿದೆವು. ನನ್ನ ಹಳೆಯ ಪ್ರತಿಗಳ ಫೋಲ್ಡರ್ ಇತ್ತು, ಗೋಪುರ ಇರಲಿಲ್ಲ.

ಅವರ ಮನೆಯಾಕೆ ಚಹ ತಂದಿಟ್ಟರು. ಯಾರೂ ಮುಟ್ಟಲಿಲ್ಲ.

"ಒಂದು ದಾರಿ ಐತ್ರಿ" ಎಂದರು ಅವರು. "ಕೆಟ್ಟ ಜಾಗಾ ಬಿಟ್ಟು ಹಾರಿ ಮುಂದ ಹೋಗೂದು. ತುದಿ ಮುಟ್ಟಿದ ಮ್ಯಾಲೆ, ಹಿಂದಿನಿಂದ ಓದ್ಕೋತ ಬರೂದು. ಬಿಟ್ಟದ್ದನ್ನ ಬರುವಾಗ ತುಂಬ್ಕೊಳ್ಳೂದು. ಮುಂದಿನಿಂದ ಸಿಗಲಾರದ್ದು ಕೆಲವು ಸಲ ಹಿಂದಿನಿಂದ ಸಿಗತೈತಿ."

ನಾನು ನಕ್ಕುಬಿಟ್ಟೆ. ಅವರಿಗೆ ಕಾರಣ ತಿಳಿಯಲಿಲ್ಲ. "ಇದಕ್ಕ ನಮ್ಮಲ್ಲೆ ಗವಂತಿ ಅಂತಾರ್ರಿ. ಮಾಡ್ರಿ" ಎಂದೆ.

ಸಂಜೆಯ ಹೊತ್ತಿಗೆ ಹಿಂದಿನಿಂದ ಬರುತ್ತಿದ್ದ ಓದು ಆ ಕೆಟ್ಟ ಜಾಗದ ಅಂಚಿಗೆ ಬಂದು ನಿಂತಿತು. ಕೆಲವು ತುಣುಕು ಎಂದೆಂದಿಗೂ ಹೋದವು. ಗೋಪುರ ಬಂದಿತ್ತು. ತೆರೆದೆವು. ಮನೆಗಳು ಅಗಲಕ್ಕಿಂತ ಎತ್ತರ. ಗೋಪುರ ನೆಟ್ಟಗೆ, ಹಗುರಾಗಿ, ನಾನು ಹರಿದ ಸೀರೆಯಲ್ಲಿ ಕಂಡಂತೆಯೇ ನಿಂತಿತ್ತು. ಸಾಲುಗಳನ್ನು ಬೆರಳಿಟ್ಟು ಎಣಿಸಿದೆ. ಕೆಟ್ಟ ಕಾಗದಕ್ಕಿಂತ ಕಡಿಮೆ ಇದ್ದವು.

ನಿಜವಾದ ತೀರ್ಮಾನ ಉಳಿದದ್ದು ಆಗ. ಗೋಪುರ ಸಿಕ್ಕಿತ್ತು, ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹೊಸ ಯಂತ್ರಕ್ಕೂ ಹಾಕಬಹುದಿತ್ತು. ಸಿಟ್ಟಿನ ಭರದಲ್ಲಿ ಹಳೆಯದನ್ನು ಅಪ್ಪಿಕೊಂಡರೆ ನನಗೂ ಕಾರ್ಯದರ್ಶಿಯವರಿಗೂ ಏನು ವ್ಯತ್ಯಾಸ? ಆದ್ದರಿಂದ ರಿಪೇರಿಯವರನ್ನು ಎದುರು ಕೂಡಿಸಿಕೊಂಡು, ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೇಳಿದೆ.

"ಖರೇ ಹೇಳಲೇನ್ರಿ? ಬೋರ್ಡ್ ಗಟ್ಟಿ ಐತಿ. ಪ್ರೊಸೆಸರ್ ನಿಮ್ಮ ಕೆಲಸಕ್ಕ ರಗಡ ಆತು. ಡಿಸ್ಕ್ ತಗದ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಹೆಚ್ಚು ಮಾಡಿದ್ರ ಓಡತೈತಿ. ಆದ್ರ ಹೊಸಾ ಸಿಸ್ಟಮ್ ಇದಕ್ಕ ಹತ್ತಂಗಿಲ್ಲ. ಹಳೇದರ ಮ್ಯಾಲೆ ಇಂಟರ್‌ನೆಟ್ ಹಚ್ಚಿದ್ರ ಅಪಾಯ. ನಾಳಿ ಬೋರ್ಡ್ ಹೋದ್ರ ಅಂಥಾದು ಸಿಗಂಗಿಲ್ಲ. ಅದೂ ತಿಳಕೋರಿ."

"ಹೊಸಾದು ತಗೊಂಡ್ರ?"

"ನನಗ ತ್ರಾಸ ಕಡಿಮಿ" ಎಂದು ನಕ್ಕರು.

ನಾನು ಯೋಚಿಸಿದ ಕ್ರಮ ಹೀಗಿತ್ತು. ಈ ಯಂತ್ರದಿಂದ ನಮಗೆ ಬೇಕಾದ ಕೆಲಸ ಯಾವುದು? ಮನೆಗಳ ಒಂದು ಜಾಲವನ್ನು ಇಟ್ಟುಕೊಳ್ಳುವುದು, ತೋರಿಸುವುದು, ಅಚ್ಚು ಮಾಡುವುದು. ಅದಕ್ಕೆ ಅಂತರಜಾಲ ಬೇಡ. ಬೇಡದಿದ್ದರೆ ಆ ಅಪಾಯವೂ ಇಲ್ಲ. ಅದರ ಪರದೆಗೂ ಪ್ರಿಂಟರಿಗೂ ನಮ್ಮ ಬಟ್ಟೆಗೂ ಅಳತೆ ಹೊಂದಿಸಿ ವರ್ಷಗಳಾಗಿವೆ. ಹೊಸದು ಬಂದರೆ ಆ ಹೊಂದಿಕೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು, ಅದೂ ಮದುವೆ ಸೀರೆ ಕಾದು ಕುಳಿತಿರುವಾಗ. ಬದಲಿಸಲಾಗದ ಭಾಗ ಗಟ್ಟಿಯಾಗಿದೆ, ಕೆಟ್ಟ ಭಾಗ ಬದಲಿಸಲು ಬರುತ್ತದೆ. ಇದು ತಿರುವುಮುರುವಾಗಿದ್ದರೆ, ಬೋರ್ಡ್ ಕೆಟ್ಟಿದ್ದರೆ, ಹೊಸದಕ್ಕೆ ಮೊದಲು ಕೈ ಎತ್ತುವವಳು ನಾನೇ ಆಗಿರುತ್ತಿದ್ದೆ. ಹಾಸು ಗಟ್ಟಿಯಿದ್ದರೆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಹಾಸೇ ಸವೆದರೆ ಬಟ್ಟೆಯನ್ನೇ ಬಿಡಬೇಕು.

"ಹಾಕ್ರಿ" ಎಂದೆ.

ಹಾಕುವುದೂ ಸಲೀಸಾಗಲಿಲ್ಲ. ಅವರು ಹುಬ್ಬಳ್ಳಿಯಿಂದ ತರಿಸಿದ ರ‍್ಯಾಮ್ ಪಟ್ಟಿ ಖಾನೆಯಲ್ಲಿ ಕೂತಿತು, ಆದರೆ ಯಂತ್ರ ಒಪ್ಪದೆ ಉದ್ದುದ್ದ ಕೂಗಿತು. ತುದಿಯ ತಾಮ್ರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದರೂ ಅದೇ ಕೂಗು. "ಹೊಸಾ ಸೊಸಿಗೂ ಹಳೇ ಅತ್ತಿಗೂ ಹೊಂದವಲ್ದು" ಎಂದು ಗೊಣಗುತ್ತ, ತಮ್ಮ ಅಟ್ಟದಿಂದ ಅದೇ ಕಾಲದ ಇನ್ನೊಂದು ಬೋರ್ಡ್ ಇಳಿಸಿ, ಅದರ ಪಟ್ಟಿಯನ್ನು ಕಿತ್ತು ಇದಕ್ಕೆ ಹಾಕಿದರು. ಕೂಗು ನಿಂತಿತು. ಭಾನುವಾರ ಮಧ್ಯಾಹ್ನ ಯಂತ್ರವನ್ನು ಉಣಕಲ್‌ಗೆ ತಂದು, ನೆಲದ ಮೇಲಲ್ಲ, ಗೋಡೆಗೆ ಹೊಂದಿಸಿದ ಎತ್ತರದ ಕಟ್ಟೆಯ ಮೇಲೆ ಇಟ್ಟೆ. ಎರಡೂ ನಕ್ಷೆಗಳನ್ನು ಅಚ್ಚು ತೆಗೆದು ಮನೆಗೆ ಒಯ್ದು, ಇಳಕಲ್ ಸೀರೆಯ ಒಂದೇ ತುಂಡಿನ ಮೇಲೆ ಎರಡು ಗೋಪುರ ತೆಗೆದೆ. ಎಡಕ್ಕೆ ನನ್ನದು, ಬಲಕ್ಕೆ ಚಪ್ಪಾಳೆ ಗಿಟ್ಟಿಸಿದ್ದು.

ಸೋಮವಾರ ಅಂಗಡಿಯವನು ಪೆಟ್ಟಿಗೆಗಳೊಂದಿಗೆ ಬಂದ. ಎಲ್ಲರೂ ಸೇರಿದ್ದರು. ಕಸೂತಿಗಾರ್ತಿಯನ್ನು ಬರಲೇಬೇಕೆಂದು ಹೇಳಿ ಕಳಿಸಿದ್ದೆ. ಬಂದವಳು ಬಾಗಿಲಲ್ಲೇ ನಿಂತಳು.

"ಪೆಟ್ಟಿಗಿ ಬಿಚ್ಚೂಕಿಂತ ಮೊದಲ ಒಂದ ಸಲ ಇದನ್ನ ಚಾಲೂ ಮಾಡ್ರಿ. ಚಾ ಬೇಕಾದ್ರ ಕುಡದ ಬರ್ರಿ" ಎಂದು ಕಾರ್ಯದರ್ಶಿಯವರಿಗೆ ಹೇಳಿದೆ.

ಅವರು ಗುಂಡಿ ಒತ್ತಿದರು. ಕೈ ಹಿಂದೆ ತೆಗೆಯುವುದರಲ್ಲಿ ಪರದೆ ಬೆಳಗಿತು. ಯಾರೂ ನಗಲಿಲ್ಲ. ಎರಡು ಗೋಪುರಗಳನ್ನು ಪಕ್ಕಪಕ್ಕದಲ್ಲಿ ತೆರೆದು, ಮನೆಗಳ ಆಕಾರವನ್ನೂ ಸಾಲುಗಳನ್ನೂ ಎಣಿಸಿ ತೋರಿಸಿದೆ. ಅಂಗಡಿಯವನ ಕಡೆ ತಿರುಗಿ, "ಬಲಗಡೆದ್ದು ನೀವ ಚಂದ ಕಾಣೂ ತನಕ ಎತ್ತರಾ ಮಾಡಿದ್ದು, ಹೌದಲ್ರಿ?" ಎಂದೆ. ಅವನು ಪೆಟ್ಟಿಗೆಯ ಅಂಟುಪಟ್ಟಿಯನ್ನು ಕೆರೆಯುತ್ತ, "ಅವತ್ತು ಎಲ್ಲಾರೂ ಹೂಂ ಅಂದ್ರಲ್ರಿ" ಎಂದ. ಅಷ್ಟು ಸಾಕಿತ್ತು.

ಗೋಪುರಗಳ ಬಟ್ಟೆಯನ್ನು ಅಧ್ಯಕ್ಷರ ಕೈಗೆ ಕೊಟ್ಟೆ. ಅವರು ನೋಡಿ ಪಕ್ಕದವರಿಗೆ ದಾಟಿಸಿದರು. ಹಾಗೆಯೇ ಕೈಯಿಂದ ಕೈಗೆ ದಾಟಿ, ಕೊನೆಗೆ ಬಾಗಿಲಿನ ಹತ್ತಿರ ಹೋಯಿತು. ಕಸೂತಿಗಾರ್ತಿ ಅದನ್ನು ಹಿಡಿದವಳೇ ತಿರುವಿ ಹಾಕಿದಳು. ಹಿಂಬದಿಯನ್ನು ಬೆಳಕಿಗೆ ಹಿಡಿದಳು.

"ಅಕ್ಕಾರ, ಇದು ನಿಮ್ಮ ಕೈ."

"ಹೌದು."

"ಎಡಗಡೆ ಕಳಸದ ಕೆಳಗ ಒಂದ ಕಡೆ ದಾರ ಹಾರೇತಿ ನೋಡ್ರಿ. ಬರುವಾಗ ಲಗೂ ಮಾಡೀರಿ."

ನಾನು ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಹಿಡಿದು ನೋಡಿದೆ. ಕಾಣಲಿಲ್ಲ. ಭೂತಗನ್ನಡಿ ತರಿಸಿ ನೋಡಿದೆ. ಹಾರಿತ್ತು.

"ಹಳೇ ಕಣ್ಣಿಗೆ ಕಂಡದ್ದು ನನಗ ಕಾಣಲಿಲ್ಲಲ್ಲ ತಂಗಿ!" ಎಂದೆ, ಎಲ್ಲರಿಗೂ ಕೇಳುವಂತೆ. ಅವಳ ಮುಖದಲ್ಲಿ ಅಷ್ಟು ದಿನಗಳ ಮೇಲೆ ನಗು ಬಂತು. ಮೇಜಿನ ಮೇಲೆ ಅಂದಿನಿಂದ ಹಾಗೆಯೇ ಇದ್ದ ಸೂಜಿಡಬ್ಬಿಯನ್ನು ಎತ್ತಿಕೊಂಡಳು. "ಸೀರಿ ನಾನ ಬಿಚ್ಚತೇನಿ, ನಾನ ಹಾಕತೇನಿ" ಎಂದಳು. ಗಂಟಿಲ್ಲದ ಕೆಲಸವಾದ್ದರಿಂದ ಎಳೆ ಎಳೆಯಾಗಿ ನೋವಿಲ್ಲದೆ ಬಿಚ್ಚಿ ಬಂತು. ಮದುವೆಗೆ ಮೊದಲೇ ಸೀರೆ ಹುಬ್ಬಳ್ಳಿಗೆ ಹೋಯಿತು. ಕಳಸಗಳು ತೊಟ್ಟಿಲಿಗೆ ಇರಬೇಕಾದಷ್ಟು ದೂರದಲ್ಲಿಯೇ ನಿಂತವು.

ಅಂಗಡಿಯವನು ಪೆಟ್ಟಿಗೆಗಳನ್ನು ಬಿಚ್ಚದೆಯೇ ಒಯ್ದ. ಹೊಸ ಯಂತ್ರಕ್ಕೆ ನನ್ನ ವಿರೋಧವಿಲ್ಲವೆಂದು ಅಂದೇ ಹೇಳಿದ್ದೇನೆ. ಈ ಬೋರ್ಡ್ ಸೋತ ದಿನ ಹೊಸದು ಬರಲಿ, ಅದಕ್ಕೆ ಅಳತೆ ಹೊಂದಿಸಿ ಕೊಡುವವಳೂ ನಾನೇ. ಹಳೆಯ ಪ್ರತಿಗಳೆಲ್ಲ ಈಗ ಎರಡು ಕಡೆ ಇವೆ. ದಾರ ಕತ್ತರಿಸುವ ಜಾಗವನ್ನು ಯಂತ್ರದಿಂದ ದೂರ, ಕಿಟಕಿಯ ಹತ್ತಿರ ಮಾಡಿದ್ದೇವೆ.

ಕಾರ್ಯದರ್ಶಿಯವರು ಹೋಗುವಾಗ, "ಆತಲ್ರಿ ಅಕ್ಕಾರ, ಎಲ್ಲಾ ಸರಿ ಹೋತಲ್ಲ, ಇನ್ನ ಮನಸಿನ್ಯಾಗ ಇಟಗೋಬ್ಯಾಡ್ರಿ" ಎಂದರು. ತಪ್ಪಾಯಿತು ಎನ್ನಲಿಲ್ಲ, ನನಗೂ ಅಲ್ಲ, ಅವಳಿಗೂ ಅಲ್ಲ. ನಕ್ಕವರಲ್ಲಿಯೂ ಒಬ್ಬರೂ ಬಾಯಿ ಬಿಡಲಿಲ್ಲ. ಆದ್ದರಿಂದ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಇಲ್ಲಿ ಬರೆದಿದ್ದೇನೆ.

ಕಾರ್ಯದರ್ಶಿಯವರೇ, ಅಧ್ಯಕ್ಷರೇ, ಅಂದು ನಕ್ಕ ಸದಸ್ಯೆಯರೇ, ನೀವೆಲ್ಲರೂ ಕಸೂತಿ ಬಲ್ಲವರು. ನಿಮ್ಮ ಎಲ್ಲರ ಮುಂದೆ ಆ ಸೀರೆ ಇಡೀ ಸಭೆಯ ಹೊತ್ತು ಮೇಜಿನ ಮೇಲೆ ಹರಡಿಕೊಂಡಿತ್ತು. ಒಬ್ಬ ಹೆಂಗಸಿನ ಕಣ್ಣು ಹೋಗಿದೆ ಎಂದು ತೀರ್ಪು ಕೊಡುವ ಮೊದಲು, ಆ ಸೆರಗನ್ನು ಒಮ್ಮೆ ತಿರುವಿ ನೋಡಲು ನಿಮ್ಮಲ್ಲಿ ಒಬ್ಬರ ಕೈಯೂ ಯಾಕೆ ಏಳಲಿಲ್ಲ?